ಮೆಮೊರಿ ತಿನ್ನುವ ಸಾಲು ಯಾವುದು?

ಪ್ರಶ್ನೆ: ಸಿಬ್ಬಂದಿ ಬಸ್ಸುಗಳು ಎಲ್ಲಿವೆ ಎಂದು ತೋರಿಸುವ ಪೈಥಾನ್ ಸರ್ವರ್ ನಮ್ಮದು. 120 ಬಸ್ಸು, ಪ್ರತಿಯೊಂದರಿಂದ 10 ಸೆಕೆಂಡಿಗೊಂದು ಸಂದೇಶ. ಬೆಳಿಗ್ಗೆ ಮೆಮೊರಿ ಬಳಕೆ 200 ಎಂಬಿ ಇದ್ದದ್ದು ಸಂಜೆ ಹಿಂಜವಡಿಯಿಂದ ಬಸ್ಸು ಹೊರಡುವ ಹೊತ್ತಿಗೆ 1.5 ಜಿಬಿ ಆಗಿರುತ್ತದೆ. ಟ್ರೇಸ್‌ಮ್ಯಾಲಕ್ (ಯಾವ ಸಾಲು ಮೆಮೊರಿ ಪಡೆಯಿತೆಂದು ದಾಖಲಿಸುವ ಪೈಥಾನ್ ಸಾಧನ) ಹಾಕಿದರೆ ಮೇಲೆ ಯಾವಾಗಲೂ ಸಂದೇಶದ ಪಠ್ಯವನ್ನು ಆಬ್ಜೆಕ್ಟ್ ಮಾಡುವ ಜೇಸನ್ ಲೈಬ್ರರಿಯ ಡಿಕೋಡರ್ ಫೈಲೇ ಬರುತ್ತದೆ. ತಪ್ಪು ಲೈಬ್ರರಿಯದ್ದೇ?
– ಓದುಗರೊಬ್ಬರು, ಪುಣೆ

ಉತ್ತರ: ಅಲ್ಲ. ಸಂಖ್ಯೆ ಕೊಡದೆ ಶುರು ಮಾಡಿದರೆ ಟ್ರೇಸ್‌ಮ್ಯಾಲಕ್ ಪ್ರತಿ ಆಬ್ಜೆಕ್ಟಿಗೆ 1 ಫ್ರೇಮ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಸರಣಿಯ ಒಂದು ಹಂತ) ಮಾತ್ರ ಬರೆದಿಟ್ಟುಕೊಳ್ಳುತ್ತದೆ, ಅಂದರೆ ಮೆಮೊರಿ ಕೇಳಿದ ಕಟ್ಟಕಡೆಯ ಸಾಲು. ಡಿಕೋಡರನ್ನು ಕರೆದದ್ದು ಯಾರು ಎನ್ನುವುದು ಅದರ ಹಿಂದಿನ ಫ್ರೇಮುಗಳಲ್ಲಿದೆ. ಪ್ರೋಗ್ರಾಮನ್ನು ‘-ಎಕ್ಸ್ ಟ್ರೇಸ್‌ಮ್ಯಾಲಕ್=25’ ಸೇರಿಸಿ ಓಡಿಸಿ. ಕೋಡಿನ ನಡುವೆ ಸ್ಟಾರ್ಟ್ ಕರೆಯುವುದಕ್ಕಿಂತ ಇದೇ ಮೇಲು. ಶುರುವಾಗುವ ಮೊದಲೇ ಹುಟ್ಟಿದ ಆಬ್ಜೆಕ್ಟುಗಳ ಜಾಡು ಅದಕ್ಕೆ ಸಿಗುವುದೇ ಇಲ್ಲ.

ಸರ್ವರ್ 15 ನಿಮಿಷ ಓಡಲಿ, ಮಾಡ್ಯೂಲುಗಳು ಲೋಡ್ ಆಗಿಬಿಡಲಿ. ಆಮೇಲೆ ಜಿಸಿ.ಕಲೆಕ್ಟ್ ಕರೆದು (ಬೇಡದ ಆಬ್ಜೆಕ್ಟುಗಳು ತೆರವಾಗಲಿ) ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ, 1 ಗಂಟೆ ಬಿಟ್ಟು ಹಾಗೆಯೇ ಇನ್ನೊಂದು. ಎರಡನ್ನೂ ಕಂಪೇರ್‌_ಟು ಕೊಟ್ಟು ಹೋಲಿಸಿ. ಹೆಚ್ಚಿನವರು ಎಡವುವುದು ಇಲ್ಲೇ: 25 ಫ್ರೇಮ್ ಇಟ್ಟುಕೊಂಡರೂ ‘ಲೈನ್‌ನೋ’ (ಸಾಲಿನ ಸಂಖ್ಯೆ) ಎಂದು ಗುಂಪು ಮಾಡಿದರೆ ಮತ್ತೆ ಡಿಕೋಡರೇ ಬರುತ್ತದೆ. ‘ಟ್ರೇಸ್‌ಬ್ಯಾಕ್’ (ಫ್ರೇಮುಗಳ ಪೂರ್ತಿ ಸರಣಿ) ಎಂದೇ ಕೊಡಬೇಕು. ಪೈಥಾನ್ 3.7ರಿಂದ ಈಚೆಗೆ ಹಳೆಯ ಫ್ರೇಮ್ ಮೇಲೆ, ಹೊಸದು ಕೆಳಗೆ ಅಚ್ಚಾಗುತ್ತದೆ. ಹಾಗಾಗಿ ಕೆಳಗಿನಿಂದ ಓದಿ: ಡಿಕೋಡರ್, ಅದರ ಮೇಲೆ ಜೇಸನ್.ಲೋಡ್ಸ್, ಅಲ್ಲಿಂದ ಮೇಲಕ್ಕೆ ಮೊದಲು ಸಿಗುವ ನಿಮ್ಮ ಸ್ವಂತ ಫೈಲಿನ ಸಾಲೇ ಆಬ್ಜೆಕ್ಟ್ ಹುಟ್ಟಿಸುತ್ತಿರುವ ಜಾಗ.

ಗಾತ್ರಕ್ಕಿಂತ ಎಣಿಕೆ ಹೆಚ್ಚು ಹೇಳುತ್ತದೆ. ನಿಮ್ಮ ಲೆಕ್ಕದಲ್ಲಿ ಗಂಟೆಗೆ 43,200 ಸಂದೇಶ. ಕೌಂಟ್_ಡಿಫ್ (ಎರಡು ಸ್ನ್ಯಾಪ್‌ಶಾಟ್‌ಗಳ ನಡುವೆ ಎಣಿಕೆಯಲ್ಲಿ ಆದ ವ್ಯತ್ಯಾಸ) ಸುಮಾರು ಅಷ್ಟೇ, ಇಲ್ಲವೇ ಅದರ ಎರಡು ಮೂರು ಪಟ್ಟು ಏರಿದ್ದರೆ, ಬಂದ ಒಂದು ಸಂದೇಶವೂ ಬಿಡುಗಡೆ ಆಗುತ್ತಿಲ್ಲ. ಹುಟ್ಟಿದ ಜಾಗ ಗೊತ್ತಾದ ಮಾತ್ರಕ್ಕೆ ಹಿಡಿದಿಟ್ಟವರು ಗೊತ್ತಾಗುವುದಿಲ್ಲ. ಅಂಥ ಒಂದು ಆಬ್ಜೆಕ್ಟನ್ನು ಜಿಸಿ.ಗೆಟ್_ರೆಫರರ್ಸ್‌ಗೆ ಕೊಟ್ಟು ನೋಡಿ, ಅದನ್ನು ಹಿಡಿದಿರುವವರ ಪಟ್ಟಿ ಬರುತ್ತದೆ. ಸಮಯವನ್ನೇ ಕೀ ಮಾಡಿಕೊಂಡ ಡಿಕ್ಷನರಿ, ಮ್ಯಾಕ್ಸ್‌ಸೈಜ್ ‘ನನ್’ (ಮಿತಿ ಇಲ್ಲ) ಎಂದಿಟ್ಟ ಎಲ್‌ಆರ್‌ಯು ಕ್ಯಾಶೆ, ಈ ಎರಡರ ಮೇಲೆ ನಮಗೆ ಮೊದಲ ಅನುಮಾನ.

ಗೆಟ್_ಟ್ರೇಸ್ಡ್_ಮೆಮೊರಿ ಕೊಡುವ ಅಂಕಿ ಅಲುಗಾಡದೆ, ಟಾಪ್‌ನಲ್ಲಿ ಕಾಣುವ ಆರ್‌ಎಸ್‌ಎಸ್ (ಪ್ರೋಗ್ರಾಮ್ ರ‍್ಯಾಮ್‌ನಲ್ಲಿ ಹಿಡಿದಿರುವ ಒಟ್ಟು ಮೆಮೊರಿ) ಮಾತ್ರ ಏರುತ್ತಿದ್ದರೆ ಈ ಹುಡುಕಾಟ ಬಿಡಿ. ಅದು ಸಿ ಲೈಬ್ರರಿ ನೇರವಾಗಿ ಪಡೆದ ಮೆಮೊರಿ, ಇಲ್ಲವೇ ಹೀಪ್ (ಆಬ್ಜೆಕ್ಟುಗಳು ಇರುವ ಮೆಮೊರಿ) ಚೂರುಚೂರಾದದ್ದು. ಇನ್ನು, ಫ್ರೇಮ್ ಹೆಚ್ಚಿದಷ್ಟೂ ಪ್ರೋಗ್ರಾಮ್ ನಿಧಾನ, ಟ್ರೇಸ್‌ಮ್ಯಾಲಕ್ ತಾನೂ ಮೆಮೊರಿ ತಿನ್ನುತ್ತದೆ. ದಯವಿಟ್ಟು ಟೆಸ್ಟ್ ಸರ್ವರ್‌ನಲ್ಲಿ ಮಾಡಿ.

ಪ್ರಶ್ನೆ: ಜಾವಾ ಹೀಪ್ ಡಂಪ್‌ನಲ್ಲಿ ಆಬ್ಜೆಕ್ಟ್ ಹುಟ್ಟಿದ ಜಾಗ ಕಾಣುವುದೇ ಇಲ್ಲವಲ್ಲ?
– ಡೊಂಬಿವಲಿ

ಉತ್ತರ: ಹೀಪ್ ಡಂಪ್, ಅಂದರೆ ಆ ಕ್ಷಣದ ಹೀಪ್‌ನ ನಕಲು, ಹೇಳುವುದು ಆಬ್ಜೆಕ್ಟನ್ನು ಯಾರು ಹಿಡಿದಿದ್ದಾರೆ ಎಂದಷ್ಟೇ. ಜೆಡಿಕೆ (ಜಾವಾ ಅಭಿವೃದ್ಧಿ ಕಿಟ್) 11 ಅಥವಾ ಮೇಲಿದ್ದರೆ ಅದರಲ್ಲೇ ಇರುವ ದಾಖಲೆ ಸಾಧನ ಫ್ಲೈಟ್ ರೆಕಾರ್ಡರ್ (ಜೆಎಫ್‌ಆರ್) ಬಳಸಿ. ಜೆಸಿಎಂಡಿ ಕಮಾಂಡಿನಲ್ಲಿ ಜೆಎಫ್‌ಆರ್.ಸ್ಟಾರ್ಟ್ ಕೊಡುವಾಗ ಸೆಟ್ಟಿಂಗ್ಸ್ ‘ಪ್ರೊಫೈಲ್’ ಇರಲಿ. ‘ಡಿಫಾಲ್ಟ್’ ಇದ್ದರೆ ಓಲ್ಡ್ ಆಬ್ಜೆಕ್ಟ್ ಸ್ಯಾಂಪಲ್ (ಬಹುಕಾಲ ಉಳಿದ ಆಬ್ಜೆಕ್ಟುಗಳ ಮಾದರಿ) ಬರುತ್ತದೆ, ಆದರೆ ಅದರ ಜೊತೆ ಹುಟ್ಟಿದ ಜಾಗ ತೋರಿಸುವ ಸ್ಟ್ಯಾಕ್ ಟ್ರೇಸ್ ಇರುವುದಿಲ್ಲ.