ತಾತನ ಕಥೇಲಿ ಬಿಟ್ಟುಹೋಗಿದ್ದ ಸಾಲು

ಮನೆಯವರ ಒಪ್ಪಿಗೆ ತಗೊಂಡೇ ಇದನ್ನ ಬರೀತಿದ್ದೀನಿ. ಊರು, ಕೆಲಸ, ಇನ್ನೂ ಕೆಲವು ವಿವರ ಬದಲಾಯಿಸಿದ್ದೀನಿ, ಹೆಸರಂತೂ ಬೇಡ್ವೇ ಬೇಡ ಅಂದ್ರು, ಹಾಗಾಗಿ ತಾತ, ಅಜ್ಜಿ, ಮಗಳು, ಮೊಮ್ಮಗ ಅಂತಲೇ ಹೇಳ್ತೀನಿ.

ಕೌನ್ಸೆಲಿಂಗ್ ಗೆ ಅಂತ ನನ್ನ ಹತ್ರ ಮೊದಲು ಬಂದಿದ್ದು ಮಗಳು. "ಮೇಡಂ, ಅಪ್ಪ ಎರಡು ತಿಂಗಳಿಂದ ನನ್ನ ಮಗನ ಜೊತೆ ಮಾತಾಡ್ತಿಲ್ಲ, ಊಟಕ್ಕೂ ಜೊತೇಲಿ ಕೂರಲ್ಲ, ರಾತ್ರಿ ಯಾರಾದ್ರೂ ಬೆಲ್ ಮಾಡಿದ್ರೆ ಎದ್ದು ಕೂತ್ಬಿಡ್ತಾರೆ" ಅಂದ್ರು. ತಾತಂಗೆ 77. ತುರ್ತು ಪರಿಸ್ಥಿತೀಲಿ, 1975ರ ನವೆಂಬರ್ ನಲ್ಲಿ ಸತ್ಯಾಗ್ರಹ ಮಾಡಿ, ವಿಚಾರಣೆ ಇಲ್ಲದೇ ಒಳಗೆ ಹಾಕೋ ಮೀಸಾ ಕಾಯ್ದೇಲಿ ಬೆಂಗಳೂರು ಸೆಂಟ್ರಲ್ ಜೈಲಿಗೆ ಹೋಗಿದ್ದೋರು. ಆಗ ಮೇಷ್ಟ್ರು, ಮಗಳಿಗೆ 3 ವರ್ಷ. ಈ ಜೈಲಿನ ಕಥೆ ಮನೇಲಿ ಎಲ್ಲರಿಗೂ ಬಾಯಿಪಾಠ. ಸೈಕ್ಲೋಸ್ಟೈಲ್ ಮಾಡಿದ ಕರಪತ್ರ ಹಂಚಿದ್ದು, ಜೀಪ್ ಬಂದಿದ್ದು, ಅದೇ ಜೈಲಲ್ಲಿ ವಿರೋಧ ಪಕ್ಷದ ನಾಯಕರು ಆಡ್ವಾಣಿ, ಮಧು ದಂಡವತೆ ಎಲ್ಲ ಇದ್ದಿದ್ದು, ಎಲ್ಲಿ ನಗಬೇಕು ಎಲ್ಲಿ ಸುಮ್ನಾಗಬೇಕು ಅನ್ನೋದೂ ಫಿಕ್ಸು, ಎಮರ್ಜೆನ್ಸಿ ಹೇರಿದ ದಿನ ಅಂತ ಪ್ರತಿ ಜೂನ್ 25ಕ್ಕೆ ಯಾರಾದ್ರೂ ಬಂದು ಶಾಲು ಹೊದಿಸಿದ್ರೆ ಇನ್ನೊಂದು ಸಲ ಪೂರ್ತಿ ಕಥೆ.

ಮೊಮ್ಮಗ ಪಿಯುಸಿ. ಕಾಲೇಜಿಂದ ಫ್ರೀಡಂ ಪಾರ್ಕ್ ಗೆ ಕರ್ಕೊಂಡು ಹೋಗಿದ್ರಂತೆ, ಅದೇ ಹಳೇ ಸೆಂಟ್ರಲ್ ಜೈಲ್ ಜಾಗ ಅಲ್ವಾ, ಬ್ಯಾರಕ್ ನೋಡ್ಕೊಂಡು ಬಂದು ಅದೇ ಖುಷೀಲಿ, ಮನೇಲಿ ನೆಂಟರೂ ಇದ್ರು, ಕೇಳಿದಾನೆ: "ತಾತ, ಎಮರ್ಜೆನ್ಸಿ ಮುಗಿದಿದ್ದು 77ರ ಮಾರ್ಚ್ ಗೆ, ನೀನು 76ರ ಆಗಸ್ಟ್ ಗೇ ಮನೇಲಿದ್ದೆ ಅಂತ ಅಜ್ಜಿ ಹೇಳ್ತಾರೆ, ಅಷ್ಟು ಬೇಗ ಹೇಗೆ ಬಿಟ್ರು?"

ತಾತ ಎದ್ದು ಹೋದ್ರು. ಅವತ್ತಿಂದ ಮಾತಿಲ್ಲ.

ಇಲ್ಲಿ ನನ್ನ ತಪ್ಪೂ ಒಂದಿದೆ, ಹೇಳ್ಬಿಡ್ತೀನಿ. ಮೊದಲ ಸಲ ಹುಡುಗ ಒಬ್ಬನೇ ಬಂದಾಗ "ನೋಡಪ್ಪ, ವಯಸ್ಸಾದೋರು, ಅವರಿಗೆ ಬೇಕಿರೋದು ಕೇಳೋ ಕಿವಿ, ನೀನು ಲೆಕ್ಕ ಕೇಳೋಕೆ ಹೋಗ್ಬೇಡ, ಸುಮ್ನೆ ಕೇಳಿಸ್ಕೊ" ಅಂದುಬಿಟ್ಟೆ. ಅವನು ತಲೆ ಆಡಿಸಿ ಹೋದ. ಆಮೇಲೆ ಯೋಚನೆ ಮಾಡಿದ್ರೆ ಅಷ್ಟು ವರ್ಷದಲ್ಲಿ ಆ ಕಥೇನ ನಿಜವಾಗ್ಲೂ ಕಿವಿಗೊಟ್ಟು ಕೇಳಿದೋನು ಅವನೊಬ್ಬನೇ, ಬೇರೆಯವರೆಲ್ಲ ತಲೆ ಆಡಿಸ್ತಿದ್ರು ಅಷ್ಟೇ, ಅವನಿಗೂ ಅದನ್ನೇ ಮಾಡು ಅಂತ ನಾನು ಹೇಳಿಕೊಟ್ಟಿದ್ದೆ.

ಎರಡನೇ ಸಲ ಅವನು ಅಜ್ಜಿ ಟ್ರಂಕಿನಿಂದ ಒಂದು ಇನ್ಲ್ಯಾಂಡ್ ಲೆಟರ್ ತಂದಿದ್ದ, ತಾತ ಜೈಲಿಂದ ಬರೆದಿದ್ದು. ಅಜ್ಜೀನೂ ಜೊತೇಲಿ ಬಂದಿದ್ರು. ನೀಲಿ ಕಾಗದ, ಮಡಿಕೆ ಹತ್ರ ಹರಿದಿದೆ, ಮೇಲೆ ಜೈಲಿನ ಸೀಲು, ಮಗೂಗೆ ಕೆಮ್ಮು ಕಮ್ಮಿ ಆಯ್ತಾ, ಅಂಗಡಿ ಬಾಕಿ ಎಷ್ಟಾಯ್ತು, ಇಂಥವೇ. ನಡುವೆ ಎರಡು ಸಾಲು ಪೂರ್ತಿ ಕಪ್ಪು. ಜೈಲಿನವರು ಕಾಗದ ಓದಿ ಹೊಡೆದು ಹಾಕ್ತಿದ್ರು ಅಂತ ಮನೇಲಿ ಎಲ್ಲರ ನಂಬಿಕೆ. ಹುಡುಗ ಅದನ್ನ ಟ್ಯೂಬ್ ಲೈಟ್ ಗೆ ಹಿಡಿದು ತೋರಿಸಿದ, "ಮೇಡಂ, ಇದು ಇಂಕ್ ಅಲ್ಲ ನೋಡಿ, ಸುತ್ತ ಎಣ್ಣೆ ಹೀರ್ಕೊಂಡಂಗೆ ಆಗಿದೆ." ನಿಜ, ಕಪ್ಪಿನ ಸುತ್ತ ಬೆರಳಗಲ ಕಾಗದ ತೆಳ್ಳಗೆ ಪಾರದರ್ಶಕ ಆಗಿತ್ತು.

ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ದು, "ಅದು ಕಾಡಿಗೆ ಕಣೋ. ಹರಳೆಣ್ಣೆ ಕಾಡಿಗೆ. ನಾನೇ ಬಳಿದಿದ್ದು" ಅಂದ್ರು.

ಏನಿತ್ತು ಅಂತ ಹುಡುಗ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವರೇ ಅಂದ್ರು, "ನೀನೇ ಯೋಚನೆ ಮಾಡು, ಜೈಲಿನವರು ಅದನ್ನ ಯಾಕೆ ಹೊಡೀತಾರೆ, ಅವರಿಗೆ ಅದೇ ತಾನೆ ಬೇಕಿದ್ದಿದ್ದು. ಹೊರಗಿನ ಜೊತೆಗಾರರು ಬಂದು ಕಾಗದ ಇಸ್ಕೊಂಡು ಓದೋರು, ಅವರ ಕಣ್ಣಿಗೆ ಬೀಳಬಾರದು ಅಂತ."

ಗೊತ್ತಾಯ್ತು. ಮುಚ್ಚಳಿಕೆ. ಇಂದಿರಾ ಗಾಂಧಿ ಅವರ 20 ಅಂಶಗಳ ಕಾರ್ಯಕ್ರಮಕ್ಕೆ ನನ್ನ ಬೆಂಬಲ ಇದೆ, ಇನ್ಮೇಲೆ ಚಳವಳಿಗೆ ಹೋಗಲ್ಲ ಅಂತ ಬರೆದುಕೊಟ್ಟು ಹೊರಗೆ ಬಂದೋರು ಆಗ ಬೇರೆ ಬೇರೆ ಕಡೆ ಇದ್ರು, ಅದನ್ನ ಶಾಲು ಹೊದಿಸೋ ಸಭೇಲಿ ಯಾರೂ ಹೇಳಲ್ಲ. ಅಜ್ಜಿ 50 ವರ್ಷ ಆ ಎರಡು ಸಾಲನ್ನ ಕಾಪಾಡಿದ್ರು. ತಾತಂಗೆ ತಾನು ಬರೆದಿದ್ದು ಮಾತ್ರ ಗೊತ್ತು, ಇವರು ಬಳಿದಿದ್ದು ಗೊತ್ತಿಲ್ಲ.

ತಾತನ್ನ ನೋಡೋಕೆ ನಾನೇ ಮನೆಗೆ ಹೋದೆ. ಕಾಡಿಗೆ ವಿಷಯ ಎತ್ತಲಿಲ್ಲ, ಅದು ಅಜ್ಜಿ ಹೇಳಬೇಕಾದ್ದು. ಅವರು ಜೈಲಿನ ಮಾತು ಬಿಟ್ಟು ಸ್ನೇಹಲತಾ ರೆಡ್ಡಿ ವಿಷಯ ತೆಗೆದ್ರು. ಆಸ್ತಮಾ ಇದ್ದ ನಟಿ, 1976ರಲ್ಲಿ ಅದೇ ಜೈಲಿನಲ್ಲಿದ್ದೋರು, 1977ರ ಜನವರೀಲಿ ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಕ್ಕೆ ತೀರಿಕೊಂಡ್ರು. "ಆಯಮ್ಮ ಉಸಿರಾಡೋಕೆ ಆಗದೇ ಇದ್ರೂ ಇದ್ಲು, ನಾನು ಗಟ್ಟಿಮುಟ್ಟಾಗಿದ್ದೆ" ಅಂದು ಅಲ್ಲಿಗೇ ನಿಲ್ಲಿಸಿದ್ರು. ನಾನು ಕೇಳಿದ್ದು ಒಂದೇ, 76ರ ಬೇಸಿಗೇಲಿ ಇದು ಯಾವಾಗ ಮುಗಿಯತ್ತೆ ಅಂತ ಅನ್ಕೊಂಡಿದ್ರಿ? "ಮುಗಿಯಲ್ಲ ಅಂತಲೇ ಅನ್ಕೊಂಡಿದ್ದೆ" ಅಂದ್ರು. ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟು, ಬಂಧನ ಸರಿಯಿಲ್ಲ ಅಂತ ಕೋರ್ಟಿಗೆ ಹೋಗೋಕೂ ಆಗಲ್ಲ ಅಂದುಬಿಡ್ತು, ಐದು ಜನ ಜಡ್ಜ್ ಗಳಲ್ಲಿ ಎಚ್.ಆರ್. ಖನ್ನಾ ಒಬ್ಬರೇ ಅದಕ್ಕೆ ವಿರುದ್ಧವಾಗಿ ತೀರ್ಪು ಬರೆದಿದ್ದು. ಅಲ್ಲೀವರೆಗೆ ಹಲವಾರು ಹೈಕೋರ್ಟುಗಳು ಬಂಧಿತರ ಪರ ಹೇಳಿದ್ವು, ಅದೊಂದು ಆಸೆ ಇತ್ತು, ಅದೂ ಹೋಯ್ತು. ಮನೇಲಿ ಸಂಬಳ ಇಲ್ಲ, ಮಗೂಗೆ ಕೆಮ್ಮು.

ಹುಡುಗನಿಗೆ ನಾನು ಹೇಳಿದ ಮುಖ್ಯವಾದ ಮಾತು ಇದೇ. ನಿನಗೆ ಅದು 21 ತಿಂಗಳು ಅಂತ ಗೊತ್ತು, ಪುಸ್ತಕದಲ್ಲಿ ಎರಡೂ ತುದಿ ಇದೆ, ಅವರಿಗೆ ಒಂದೇ ತುದಿ ಕಾಣ್ತಿತ್ತು. ನಿನ್ನ ಲೆಕ್ಕ ಸರಿ, ಪ್ರಶ್ನೇನೂ ಸರಿ, ನೆಂಟರ ಮುಂದೆ ಕೇಳಿದ್ದು ಮಾತ್ರ ಸರಿಯಿಲ್ಲ, ಅದಕ್ಕೆ ಕ್ಷಮೆ ಕೇಳು, ಪ್ರಶ್ನೆಗಲ್ಲ. ಹೋದ ಸಲ ನಾನು ಹೇಳಿದ್ದನ್ನ ಮರೆತುಬಿಡು ಅಂತಲೂ ಹೇಳ್ದೆ. ಫೋನಲ್ಲಿ ರೆಕಾರ್ಡ್ ಮಾಡೋದಾದ್ರೆ ಫೋನ್ ತಾತನ ಕೈಲಿರಲಿ, ಆನ್ ಆಫ್ ಅವರೇ ಮಾಡಲಿ, ದೊಡ್ಡ ಪ್ರಶ್ನೆ ಬೇಡ, ಬೆಳಿಗ್ಗೆ ಎಷ್ಟೊತ್ತಿಗೆ ಏಳಿಸ್ತಿದ್ರು, ಪಕ್ಕ ಯಾರು ಮಲಗ್ತಿದ್ರು, ಇಂಥದ್ದು ಕೇಳು.

ತಾತಂಗೆ ಹೇಳಿದ್ದು, ಎಲ್ಲಾನೂ ಹೇಳಲೇಬೇಕು ಅಂತ ಯಾವ ಕಾನೂನೂ ಇಲ್ಲ, ಆದರೆ "ಅದು ಈಗ ಬೇಡ ಕಣೋ" ಅಂತ ಬಾಯಿಬಿಟ್ಟು ಹೇಳಿ, ಎದ್ದು ಹೋದ್ರೆ ಹುಡುಗ ತನ್ನದೇ ತಪ್ಪು ಅಂತ ಹೊತ್ಕೊಂಡು ತಿರುಗ್ತಾನೆ. ಬೆಲ್ ಗೆ ಬೆಚ್ಚಿ ಬೀಳೋದಕ್ಕೆ ಮನೋವೈದ್ಯರ ಹತ್ರ ಕಳಿಸಿದೆ, ಅದು ಮಾತಲ್ಲೇ ಹೋಗತ್ತೆ ಅಂತ ಕೂರೋದು ಸರಿಯಲ್ಲ.

ತಾತಂಗೆ ಇನ್ನೊಂದು ಸಿಟ್ಟಿತ್ತು. 77ರ ಚುನಾವಣೇಲಿ ಉತ್ತರದಲ್ಲೆಲ್ಲ ಕಾಂಗ್ರೆಸ್ ಕೊಚ್ಚಿಹೋದ್ರೆ ಕರ್ನಾಟಕ 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೇ ಕೊಟ್ಟಿತು, "ನಮ್ಮೋರೇ ನಮಗೆ ಆಗಲಿಲ್ಲ" ಅಂತ. ಹುಡುಗನ ಫ್ರೆಂಡ್ ಮನೇಲಿ ಅದೇ ವರ್ಷಗಳ ನೆನಪು ಬೇರೆ, ಆಗಿನ ಕಾಂಗ್ರೆಸ್ ಮುಖ್ಯಮಂತ್ರಿ ದೇವರಾಜ ಅರಸರ ಕಾಲದಲ್ಲಿ ಭೂನ್ಯಾಯಮಂಡಳಿ ಮುಂದೆ ಹೋಗಿ ಗೇಣಿ ಜಮೀನು ಸ್ವಂತಕ್ಕೆ ಬಂತು ಅಂತ. ಅದನ್ನ ಇಟ್ಕೊಂಡು ತಾತನ ಜೊತೆ ವಾದಕ್ಕೆ ಹೋಗ್ಬೇಡ, ಇದನ್ನ ಇಟ್ಕೊಂಡು ಫ್ರೆಂಡ್ ಜೊತೇನೂ ಬೇಡ, ಎರಡೂ ಮನೇಲಿ ನಡೆದಿದ್ದೇ ಅಂದೆ.

ಮಗಳು ಇಷ್ಟೂ ದಿನ ಮಧ್ಯಸ್ಥಿಕೆ ಮಾಡ್ತಾನೇ ಇದ್ರು. ಮೂರನೇ ಸಲ ಬಂದಾಗ ತಾವಾಗೇ ಹೇಳಿದ್ರು, "ಯಾರಾದ್ರೂ ಕೇಳಿದ್ರೆ ಅಪ್ಪ ಟ್ರೈನಿಂಗ್ ಗೆ ಹೋಗಿದಾರೆ ಅನ್ನು ಅಂತ ಹೇಳಿಕೊಟ್ಟಿದ್ರು ಮೇಡಂ, ವಾಪಸ್ ಬಂದಾಗ ಟ್ರೈನಿಂಗ್ ಮುಗೀತಾ ಅಂದೆ, ಅಪ್ಪ ಅತ್ತುಬಿಟ್ರು." ಇದನ್ನ ಅವರು ಮಗನಿಗೆ ಯಾವತ್ತೂ ಹೇಳಿರಲಿಲ್ಲ. ಮನೇಲಿ ಜೈಲಿನ ಕಥೆ ಅಂದ್ರೆ ಜೈಲಿಗೆ ಹೋದವರದ್ದು ಮಾತ್ರ, ಕಾದು ಕೂತವರದ್ದು ಕಥೆ ಅಂತಲೇ ಯಾರಿಗೂ ಅನ್ನಿಸಿಲ್ಲ. ರೆಕಾರ್ಡಿಂಗ್ ನಿಮ್ಮಿಂದ, ಅಜ್ಜಿಯಿಂದ ಶುರುವಾಗಲಿ ಅಂದೆ, ತಾತ ಪಕ್ಕದ ರೂಮಲ್ಲಿ ಇದ್ದರೂ ಪರವಾಗಿಲ್ಲ.

ಹಾಗೇ ಮಾಡಿದ್ರು. ಮೂರು ವಾರ ಆದ್ಮೇಲೆ ಹುಡುಗ ಫೋನ್ ಮಾಡಿದ್ದ. ಅಜ್ಜಿ ಕಾಡಿಗೆ ವಿಷಯ ಹೇಳ್ತಿರುವಾಗ ತಾತ ಬಾಗಿಲ ಹತ್ರ ಬಂದು ನಿಂತಿದ್ರಂತೆ. ಪೂರ್ತಿ ಕೇಳಿಸ್ಕೊಂಡು, "ನಾನು ಅಷ್ಟು ವರ್ಷ ಜೈಲರ್ ನ ಬೈಕೊಂಡಿದ್ನಲ್ಲೇ" ಅಂದ್ರಂತೆ ಅಜ್ಜಿಗೆ. ಆಮೇಲೆ ಹುಡುಗನ ಕೈಯಿಂದ ಫೋನ್ ಇಸ್ಕೊಂಡು, ಆಫ್ ಮಾಡಿ, ಅವನ ಪಕ್ಕ ಕೂತ್ರಂತೆ. ಏನು ಮಾತಾಡಿದ್ರು ಅಂತ ಅವನು ನನಗೆ ಹೇಳಲಿಲ್ಲ.