ಮರದ ಹಡಗಿನ ಕಿಟ್: ವಿಕ್ಟರಿಗಿಂತ ಮೊದಲು ಒಂದು ದೋಣಿ ಕಟ್ಟಿ

ಪ್ರಶ್ನೆ: ಮರದ ಹಡಗಿನ ಮಾದರಿ ಕಟ್ಟುವ ಹವ್ಯಾಸ ಶುರು ಮಾಡಬೇಕು ಅಂತಿದ್ದೇನೆ. ಮರಗೆಲಸ ಗೊತ್ತಿಲ್ಲ. ಎಚ್‌ಎಂಎಸ್ ವಿಕ್ಟರಿಯ ಕಿಟ್ ತುಂಬಾ ಇಷ್ಟವಾಗಿದೆ, ತರಿಸಲೇ? ಏನೇನು ಸಾಮಾನು ಬೇಕು? ನಮ್ಮದು ಉಡುಪಿ. ಮಳೆಗಾಲದ ತೇವಕ್ಕೆ ಮರ ಹಾಳಾಗುವುದಿಲ್ಲವೇ?

ಮರಗೆಲಸ ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಖಂಡಿತ ಶುರು ಮಾಡಿ. ಆದರೆ ವಿಕ್ಟರಿ ಬೇಡ. ಯಾವತ್ತೂ ಬೇಡ ಅಂತಲ್ಲ, ಮೊದಲಿಗೆ ಬೇಡ.

ವಿಕ್ಟರಿಯ ಮೇಲೆ ಆಸೆ ಹುಟ್ಟುವುದು ಸಹಜ. 1765ರಲ್ಲಿ ಇಂಗ್ಲೆಂಡಿನ ಚಾಥಮ್‌ನಲ್ಲಿ ನೀರಿಗಿಳಿದ ಹಡಗು ಅದು. 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಪಡೆಯ ದಂಡನಾಯಕ ನೆಲ್ಸನ್ ಪ್ರಾಣ ಬಿಟ್ಟದ್ದು ಅದರಲ್ಲೇ. ಈಗಲೂ ಪೋರ್ಟ್ಸ್‌ಮತ್‌ನ ಒಣ ಡಾಕ್‌ನಲ್ಲಿ ನಿಂತಿದೆ. ಮೂರು ಹಾಯಿಕಂಬ, 104 ಫಿರಂಗಿ, 40 ಕಿಲೋಮೀಟರಿಗೂ ಜಾಸ್ತಿ ಹಗ್ಗ. 1:72 ಅಳತೆಯಲ್ಲಿ, ಅಂದರೆ 72 ಪಟ್ಟು ಚಿಕ್ಕದಾಗಿ ಕಟ್ಟಿದರೂ ಒಂದೂಕಾಲು ಮೀಟರ್ ದಾಟುತ್ತದೆ. ಇಡುವ ಜಾಗದ ಮಾತು ಹಾಗಿರಲಿ, ಕೆಲಸದ ಸ್ವರೂಪ ನೋಡಿ. ಕಾಣುವ ಪ್ರತಿ ಫಿರಂಗಿಗೂ ಒಂದು ಗಾಡಿ, ನಾಲ್ಕು ಚಕ್ರ, ಕಟ್ಟಲು ಹಗ್ಗ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕು. ಕೈ ಪಳಗಿದವರಿಗೆ ಅದೇ ಖುಷಿ. ಹೊಸಬರಿಗೆ ಅದೇ ಸುಸ್ತು. ಮೈಗೆ ಹೊದಿಸುವ ತೆಳು ಮರದ ಪಟ್ಟಿಗಳನ್ನು ಅರ್ಧ ಅಂಟಿಸಿ ಅಟ್ಟ ಸೇರಿದ ವಿಕ್ಟರಿಗಳನ್ನು ನಾನು ನೋಡಿದ್ದೇನೆ. ಕಸ್ಟಮ್ಸ್ ಸುಂಕ, ಕೊರಿಯರ್ ಸೇರಿದರೆ ಒಳ್ಳೆ ಕಂಪನಿಯ ವಿಕ್ಟರಿ ತುಂಬಾ ದುಬಾರಿಯಾಗುತ್ತದೆ. ಅಷ್ಟು ಹಣ ಹಾಕಿ ನಿಲ್ಲಿಸಿಬಿಟ್ಟರೆ ಹವ್ಯಾಸದ ಮೇಲೇ ಬೇಜಾರು ಬರುತ್ತದೆ.

ನನ್ನ ಸಲಹೆ: ಮೊದಲು ಒಂದು ತೆರೆದ ದೋಣಿ ಕಟ್ಟಿ. ಮೇಲೆ ಡೆಕ್ ಅನ್ನುವ ಹಲಗೆಹಾಸು ಇಲ್ಲದ್ದು, ಒಳಗೆ ಹೊರಗೆ ಎರಡೂ ಕಾಣುವಂಥದ್ದು.

ಅಮೆರಿಕದ ಮಾಡೆಲ್ ಶಿಪ್‌ವೇಸ್ ಕಂಪನಿ ಹೊಸಬರಿಗೆಂದೇ ಮೂರು ಕಿಟ್‌ಗಳ ಸರಣಿ ಮಾಡಿದೆ. ಅದರಲ್ಲಿ ಮೊದಲನೆಯದು ಲೋವೆಲ್ ಗ್ರ್ಯಾಂಡ್ ಬ್ಯಾಂಕ್ಸ್ ಡೋರಿ, 1:24 ಅಳತೆ. ಕಟ್ಟಿ ಮುಗಿಸಿದರೆ ಹೆಚ್ಚುಕಮ್ಮಿ ಒಂದು ಗೇಣು ಉದ್ದ. ಡೋರಿ ಅಂದರೆ ನ್ಯೂಫೌಂಡ್‌ಲ್ಯಾಂಡ್ ಕಡೆಯ ಸಮುದ್ರದಲ್ಲಿ ಕಾಡ್ ಮೀನು ಹಿಡಿಯಲು ಬಳಸುತ್ತಿದ್ದ ಚಪ್ಪಟೆ ತಳದ ದೋಣಿ. ಕೂರುವ ಅಡ್ಡಹಲಗೆ ತೆಗೆದರೆ ಒಂದರೊಳಗೆ ಒಂದು ಕೂರುತ್ತಿತ್ತು. ದೊಡ್ಡ ಹಾಯಿಹಡಗಿನ ಡೆಕ್ ಮೇಲೆ ಹಾಗೆ ಪೇರಿಸಿಕೊಂಡು ಹೋಗಿ, ಮೀನಿರುವ ಜಾಗದಲ್ಲಿ ಒಂದೊಂದಾಗಿ ಇಳಿಸುತ್ತಿದ್ದರು. ಮ್ಯಾಸಚೂಸೆಟ್ಸ್‌ನ ಏಮ್ಸ್‌ಬರಿಯಲ್ಲಿ 1793ರಲ್ಲಿ ಶುರುವಾದ ಲೋವೆಲ್ ದೋಣಿ ಕಾರ್ಖಾನೆ ಇವುಗಳಿಗೆ ಹೆಸರುವಾಸಿ.

ಈ ಕಿಟ್ ಕಲಿಸುವ ದೊಡ್ಡ ಪಾಠ ಒಂದಿದೆ. ಪೆಟ್ಟಿಗೆಯಿಂದ ಪಕ್ಕದ ಹಲಗೆಯೊಂದನ್ನು ತೆಗೆದು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ದೋಣಿಯ ಮೇಲೆ ನೇರವಾಗಿ, ನೀಟಾಗಿ ಕಾಣುವ ಆ ಹಲಗೆ ಮೇಜಿನ ಮೇಲೆ ನೇರವಾಗಿ ಇರುವುದೇ ಇಲ್ಲ. ಬಿಲ್ಲಿನಂತೆ ಬಾಗಿರುತ್ತದೆ, ಅಗಲವೂ ಒಂದೇ ಸಮ ಇರುವುದಿಲ್ಲ. ಹಡಗಿನ ಮೈ ಎರಡು ದಿಕ್ಕಿಗೆ ಬಾಗುವುದರಿಂದ ಹಲಗೆಯ ಆಕಾರ ಹೀಗೆ. ಇದನ್ನು ಕಣ್ಣಾರೆ ಕಂಡವರಿಗೆ ಮುಂದಿನ ದೊಡ್ಡ ಹಡಗಿನ ಅರ್ಧ ಕಷ್ಟ ಕಳೆದಂತೆ.

ಎರಡನೆಯದಾಗಿ ಬೌಂಟಿ ಅನ್ನುವ ಬ್ರಿಟಿಷ್ ಹಡಗಿನ ಲಾಂಚ್, ಅಂದರೆ ಹಡಗಿನ ಜೊತೆಗಿರುವ ದೋಣಿ, ತರಿಸಬಹುದು. ಅದೇ ಕಂಪನಿಯದು, 1:16 ಅಳತೆ. 1789ರಲ್ಲಿ ಬೌಂಟಿಯಲ್ಲಿ ದಂಗೆ ಎದ್ದವರು ಕ್ಯಾಪ್ಟನ್ ಬ್ಲೈ ಮತ್ತು ಅವನ ಕಡೆಯ 18 ಜನರನ್ನು 23 ಅಡಿಯ ಈ ದೋಣಿಗೆ ಇಳಿಸಿ ಕೈಬಿಟ್ಟರು. ಅವರು ಅದರಲ್ಲೇ 3,600 ನಾಟಿಕಲ್ ಮೈಲಿ ದಾಟಿ ಟಿಮೋರ್ ಮುಟ್ಟಿದರು. ದಾರಿಯಲ್ಲಿ ಟೊಫುವಾ ದ್ವೀಪದಲ್ಲಿ ಒಬ್ಬ ಸತ್ತ, ಸಮುದ್ರದಲ್ಲಿ ಒಬ್ಬರೂ ಸಾಯಲಿಲ್ಲ. ಒಳಗಿನ ಪಕ್ಕೆಲುಬುಗಳನ್ನು ಒಂದೊಂದಾಗಿ ಅಂಟಿಸುವಾಗ, ಅಡ್ಡಹಲಗೆ ಕೂರಿಸುವಾಗ, 19 ಜನ ಇಷ್ಟು ಜಾಗದಲ್ಲಿ ಹೇಗೆ ಕೂತರು, ಹೇಗೆ ಮಲಗಿದರು ಅಂತ ಯೋಚನೆ ಬಂದೇ ಬರುತ್ತದೆ. ಇತಿಹಾಸ ಹೀಗೆ ಬೆರಳಿಗೆ ತಾಗುವುದೇ ಈ ಹವ್ಯಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ.

ಮೂರನೆಯದಕ್ಕೆ ಒಂದೇ ಹಾಯಿಕಂಬದ ಹಡಗು ಸಾಕು. ಕಾಲ್ಡರ್‌ಕ್ರಾಫ್ಟ್ ಕಂಪನಿಯ ಶೆರ್ಬೋರ್ನ್ ಕಟರ್ ಒಳ್ಳೆಯದು, 1763ರ ಹಡಗು, 1:64 ಅಳತೆ. ಪೂರ್ತಿ ಮೈಗೆ ಪಟ್ಟಿ ಅಂಟಿಸುವುದು, ಡೆಕ್, ಫಿರಂಗಿ, ಹಗ್ಗ ಎಲ್ಲವೂ ಇದರಲ್ಲಿ ಇದೆ. ಎಲ್ಲವೂ ಸ್ವಲ್ಪ ಸ್ವಲ್ಪ.

ಈಗ ಪಟ್ಟಿ ಅಂಟಿಸುವ ವಿಷಯ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಕಿಟ್ ಜೊತೆ ಬರುವ ಪುಸ್ತಕಗಳು ಇಲ್ಲೇ ಕೈಕೊಡುತ್ತವೆ.

ಯುರೋಪಿನ ಹೆಚ್ಚಿನ ಕಿಟ್‌ಗಳಲ್ಲಿ ಕೀಲ್ ಅನ್ನುವ ಉದ್ದನೆಯ ಪ್ಲೈವುಡ್ ತುಂಡಿಗೆ ಬಲ್ಕ್‌ಹೆಡ್ ಅನ್ನುವ ಅಡ್ಡ ತುಂಡುಗಳನ್ನು ಸಿಕ್ಕಿಸಬೇಕು. ಅದರ ಮೇಲೆ ಎರಡು ಪದರ ಪಟ್ಟಿ. ಮೊದಲನೆಯದು ಸಾಮಾನ್ಯವಾಗಿ 1.5 ಮಿ.ಮೀ. ದಪ್ಪದ ಲೈಮ್ ಮರ (ನಿಂಬೆಯಲ್ಲ, ಯುರೋಪಿನ ಲಿಂಡನ್), ಎರಡನೆಯದು ಅರ್ಧ ಮಿಲಿಮೀಟರಿನಷ್ಟು ತೆಳುವಾದ ವಾಲ್ನಟ್. ಪಟ್ಟಿ ಅಂಟಿಸುವ ಮೊದಲು ಬಲ್ಕ್‌ಹೆಡ್‌ಗಳ ಅಂಚನ್ನು ಓರೆಯಾಗಿ ಉಜ್ಜಬೇಕು. ಒಂದು ಉದ್ದ ಕಟ್ಟಿಗೆಗೆ ಉಪ್ಪುಕಾಗದ ಅಂಟಿಸಿಕೊಳ್ಳಿ. ಒಂದೇ ಸಲಕ್ಕೆ ಮೂರು ಬಲ್ಕ್‌ಹೆಡ್‌ಗಳ ಮೇಲೆ ಹಾಯುವಂತೆ ಉಜ್ಜಿ. ಆಮೇಲೆ ಒಂದು ಪಟ್ಟಿಯನ್ನು ಮೈಗೆ ಒತ್ತಿ ಹಿಡಿದು ಹಿಂದಿನಿಂದ ಬೆಳಕು ಬಿಡಿ. ಪಟ್ಟಿಗೂ ಅಂಚಿಗೂ ನಡುವೆ ಬೆಳಕು ತೂರಿದರೆ ಇನ್ನೂ ಉಜ್ಜಬೇಕು. ಮೂತಿಯ ಹತ್ತಿರದ ಎರಡು ಮೂರು ಬಲ್ಕ್‌ಹೆಡ್‌ಗಳಲ್ಲಿ ಈ ಓರೆ ಜಾಸ್ತಿ ಇರುತ್ತದೆ. ಇಲ್ಲಿ ಅವಸರ ಮಾಡಿದರೆ ಆಮೇಲೆ ಯಾವ ಪಾಲಿಶ್ ಹಚ್ಚಿದರೂ ಮೈ ಉಬ್ಬುತಗ್ಗಾಗಿ ಕಾಣುತ್ತದೆ.

ಕಿಟ್‌ನಲ್ಲಿ ಬರುವ ಪಟ್ಟಿಗಳೆಲ್ಲ ಒಂದೇ ಅಗಲ. ಹಾಗೇ ಮೇಲಿಂದ ಕೆಳಕ್ಕೆ ಅಂಟಿಸುತ್ತಾ ಹೋದರೆ ಮೂತಿಯ ಹತ್ತಿರ ಜಾಗ ಸಾಲದೆ ಪಟ್ಟಿಗಳು ಒಂದರ ಮೇಲೊಂದು ಹತ್ತುತ್ತವೆ. ಒಂದು ಕಿತ್ತಳೆ ತೊಳೆ ನೋಡಿ, ನಡುವೆ ಅಗಲ, ತುದಿಗೆ ಸಣ್ಣ. ಹಡಗಿನ ಪಟ್ಟಿಯೂ ಹಾಗೇ ಇರಬೇಕು. ಎಷ್ಟು ಸಣ್ಣ ಅನ್ನುವುದಕ್ಕೆ ಲೆಕ್ಕ ಇದೆ. ಸಣ್ಣ ಕಾಗದದ ಚೂರನ್ನು ಹಡಗಿನ ನಡುಭಾಗದ ಬಲ್ಕ್‌ಹೆಡ್ ಅಂಚಿನ ಮೇಲೆ ಡೆಕ್‌ನಿಂದ ಕೀಲ್‌ವರೆಗೆ ಸುತ್ತಿ ಅಳೆಯಿರಿ. 90 ಮಿ.ಮೀ. ಬಂತು, ಪಟ್ಟಿ 5 ಮಿ.ಮೀ. ಅಗಲ ಇದೆ ಅಂದುಕೊಳ್ಳಿ. ಅಂದರೆ 18 ಪಟ್ಟಿ ಬೇಕು. ಈಗ ಮೂತಿಯ ಹತ್ತಿರದ ಬಲ್ಕ್‌ಹೆಡ್ ಅಳೆಯಿರಿ. 60 ಬಂದರೆ, ಆ 18 ಪಟ್ಟಿಯೂ ಇಷ್ಟರಲ್ಲೇ ಹಿಡಿಸಬೇಕು. 60ನ್ನು 18ರಿಂದ ಭಾಗಿಸಿದರೆ ಸುಮಾರು 3.3. ಪ್ರತಿ ಪಟ್ಟಿಯೂ ಆ ಜಾಗದಲ್ಲಿ 3.3 ಮಿ.ಮೀ.ಗೆ ಇಳಿಯಬೇಕು. ಎಲ್ಲ ಬಲ್ಕ್‌ಹೆಡ್‌ಗಳಿಗೂ ಹೀಗೆ ಅಳೆದು ಪೆನ್ಸಿಲ್ ಗುರುತು ಹಾಕಿಕೊಂಡರೆ ಪಟ್ಟಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ಅದೇ ತೋರಿಸುತ್ತದೆ. ಯಾವುದೇ ಪಟ್ಟಿ ತನ್ನ ಅಗಲದ ಅರ್ಧಕ್ಕಿಂತ ಸಣ್ಣ ಆಗಬಾರದು. ಲೆಕ್ಕ ಅದಕ್ಕಿಂತ ಕೆಳಗೆ ಬಂದರೆ ಎರಡು ಪಟ್ಟಿಯನ್ನು ಒಂದಕ್ಕೆ ಸೇರಿಸಬೇಕು. ಹಿಂತುದಿಯಲ್ಲಿ ಎಷ್ಟೋ ಸಲ ಉಲ್ಟಾ: ಜಾಗ ಜಾಸ್ತಿಯಾಗಿ ಸಂದು ಬೀಳುತ್ತದೆ. ಅಲ್ಲಿ ಬೆಣೆಯಾಕಾರದ ಚೂರು ಕೂರಿಸುತ್ತಾರೆ. ಹಳೆಯ ಕಾಲದ ನಿಜವಾದ ಹಡಗು ಕಟ್ಟುವವರೂ ಇದನ್ನೇ ಮಾಡುತ್ತಿದ್ದರು.

ನೀವು ಉಡುಪಿಯವರು, ಇದನ್ನು ಕಲಿಯಲು ಪುಸ್ತಕವೇ ಬೇಕಿಲ್ಲ. ಜೂನ್, ಜುಲೈ ಮೀನುಗಾರಿಕೆ ನಿಷೇಧದ ಸಮಯದಲ್ಲಿ ಮಲ್ಪೆ ಕಡೆ ಹೋಗಿ. ರಿಪೇರಿಗೆಂದು ದಡಕ್ಕೆ ಎಳೆದಿಟ್ಟ ಮರದ ಬೋಟು ಸಿಕ್ಕರೆ ಮೂತಿಯ ಹತ್ತಿರ ನಿಂತು ಒಂದೇ ಹಲಗೆಯನ್ನು ಕಣ್ಣಲ್ಲೇ ಹಿಂಬಾಲಿಸಿ. ಎಲ್ಲಿ ಸಣ್ಣದಾಗುತ್ತದೆ, ಎಲ್ಲಿ ತಿರುಚುತ್ತದೆ, ಎಲ್ಲಿ ಮುಗಿಯುತ್ತದೆ ಅಂತ ಕಾಣುತ್ತದೆ. ಕೆಲಸದವರನ್ನು ಕೇಳಿದರೆ ಪ್ರೀತಿಯಿಂದ ಹೇಳಿಕೊಡುತ್ತಾರೆ.

ಪಟ್ಟಿ ಬಾಗಿಸಲು ಕಾಲು ಗಂಟೆ ಬಿಸಿನೀರಿನಲ್ಲಿ ನೆನೆಸಿ, ಇಸ್ತ್ರಿ ಪೆಟ್ಟಿಗೆಯ ತುದಿಯಿಂದ ಒತ್ತುತ್ತಾ ನಿಧಾನ ಬಾಗಿಸಿ. ಆರಿದ ಮೇಲೆ ಅಂಟಿಸಿ. ಒದ್ದೆ ಪಟ್ಟಿ ಉಬ್ಬಿರುತ್ತದೆ, ಹಾಗೇ ಅಂಟಿಸಿದರೆ ಒಣಗಿದಾಗ ಸಂದು ಬಿಡುತ್ತದೆ. ಇನ್ನೊಂದು ಮುಖ್ಯ ವಿಷಯ. ಎಡಕ್ಕೆ ಒಂದು ಪಟ್ಟಿ ಅಂಟಿಸಿದರೆ ಬಲಕ್ಕೆ ಒಂದು. ಒಂದೇ ಪಕ್ಕ ಮುಗಿಸಿ ಆಮೇಲೆ ಇನ್ನೊಂದು ಪಕ್ಕ ಅಂತ ಹೊರಟರೆ ಎಳೆತಕ್ಕೆ ಕೀಲ್ ಸೊಟ್ಟಗಾಗುತ್ತದೆ. ಅದನ್ನು ನೇರ ಮಾಡಲು ಆಮೇಲೆ ಯಾರಿಂದಲೂ ಆಗುವುದಿಲ್ಲ.

ಸಾಮಾನು ಜಾಸ್ತಿ ಬೇಡ. ಬ್ಲೇಡ್ ಬದಲಿಸಬಹುದಾದ ಒಳ್ಳೆ ಚಾಕು, ಸ್ಟೀಲ್ ಸ್ಕೇಲ್, ಸಣ್ಣ ಅರಗಳ ಒಂದು ಸೆಟ್, ಕೈಯಲ್ಲಿ ತಿರುಗಿಸುವ ಪುಟ್ಟ ಡ್ರಿಲ್, ಚಿಮ್ಮಟ, 120, 220, 400 ನಂಬರಿನ ಉಪ್ಪುಕಾಗದ, ಹಿಡಿದಿಡಲು ಬಟ್ಟೆ ಕ್ಲಿಪ್ಪು. ಮೋಟಾರಿನ ಯಂತ್ರ ಯಾವುದೂ ಈಗ ಬೇಡ. ಅಂಟಿಗೆ ಫೆವಿಕಾಲ್ ಸಾಕು. ಫೆವಿಕ್ವಿಕ್ ಬೇಗ ಹಿಡಿಯುತ್ತದೆ ನಿಜ, ಆದರೆ ಹೊರಗೆ ಕಾಣುವ ಮರಕ್ಕೆ ತಾಗಿದರೆ ಆ ಜಾಗ ಬಣ್ಣವನ್ನೂ ಪಾಲಿಶನ್ನೂ ಹೀರುವುದಿಲ್ಲ, ಕಲೆ ಉಳಿಯುತ್ತದೆ. ಸೋರಿದ ಫೆವಿಕಾಲನ್ನೂ ಒಣಗುವ ಮೊದಲು ಒದ್ದೆ ಬ್ರಶ್‌ನಿಂದ ಒರೆಸಿ.

ಕಿಟ್‌ನಲ್ಲಿ ತುಂಡು ಮುರಿದರೆ ಅಥವಾ ಸಾಲದಿದ್ದರೆ ನಮ್ಮಲ್ಲೇ ಮರ ಸಿಗುತ್ತದೆ. ಚನ್ನಪಟ್ಟಣದ ಗೊಂಬೆ ಮಾಡುವ ಆಲೆ ಮರ ಬೆಳ್ಳಗೆ, ನಯವಾಗಿ ಇರುತ್ತದೆ. ಪುಟ್ಟ ಭಾಗಗಳನ್ನು ಕೆತ್ತಲು ನನಗೆ ಅದು ತುಂಬಾ ಇಷ್ಟ. ತೇಗ ನಿಜವಾದ ಹಡಗಿಗೆ ರಾಜ, ಮಾದರಿಗೆ ಮಾತ್ರ ಅಷ್ಟು ಒಪ್ಪುವುದಿಲ್ಲ. ಅದರ ರಂಧ್ರಗಳು ದೊಡ್ಡವು. 64 ಪಟ್ಟು ಚಿಕ್ಕದಾದ ಹಡಗಿನ ಮೇಲೆ ಆ ಗೆರೆಗಳು ಚರಂಡಿ ತೋಡಿದಂತೆ ಕಾಣುತ್ತವೆ.

ಮಳೆಗಾಲದ ಭಯ ಸರಿಯಾದದ್ದೇ, ಆದರೆ ದಾರಿ ಇದೆ. ತೇವಕ್ಕೆ ಮರ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ತೀರಾ ಕಮ್ಮಿ. ಜೋರು ಮಳೆಯಲ್ಲಿ ಮೈಗೆ ಪಟ್ಟಿ ಅಂಟಿಸಿದರೆ ಮಾರ್ಚ್ ಹೊತ್ತಿಗೆ ಸಣ್ಣ ಸಂದುಗಳು ಬಾಯಿ ಬಿಡುತ್ತವೆ. ಹಾಗಾಗಿ ಆ ಕೆಲಸವನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಫಿರಂಗಿ ಗಾಡಿ, ಏಣಿ, ಹಾಯಿಕಂಬ ಮಾಡಬಹುದು. ಕಿಟ್ ಬಂದ ಮೇಲೆ ಮರವನ್ನು ಕೆಲಸ ಮಾಡುವ ಕೋಣೆಯಲ್ಲೇ ಒಂದೆರಡು ವಾರ ಬಿಟ್ಟು ಒಗ್ಗಿಸಿ. ಕಟ್ಟಿದ ಮೇಲೆ ಶೆಲ್ಯಾಕ್ ಹಚ್ಚಿ. ಫ್ರೆಂಚ್ ಪಾಲಿಶ್ ಮಾಡುವವರು ಸ್ಪಿರಿಟ್‌ನಲ್ಲಿ ಕರಗಿಸುವ ಅರಗು ಅದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹೊರಗಷ್ಟೇ ಅಲ್ಲ, ಒಳಮೈಗೂ ಹಚ್ಚಬೇಕು. ಒಂದೇ ಕಡೆ ಹಚ್ಚಿದರೆ ಇನ್ನೊಂದು ಕಡೆಯಿಂದ ತೇವ ಎಳೆಯುತ್ತದೆ. ಹಗ್ಗಕ್ಕೆ ಕಿಟ್‌ನ ಹತ್ತಿ ದಾರ ಬಿಟ್ಟು ಪಾಲಿಯೆಸ್ಟರ್ ದಾರ ಬಳಸಿ. ಹತ್ತಿ ದಾರ ತೇವ ಹೀರಿದಾಗೊಮ್ಮೆ, ಒಣಗಿದಾಗೊಮ್ಮೆ ಬಿಗಿ ಬದಲಿಸುತ್ತದೆ, ಕೊನೆಗೆ ಜೋತು ಬೀಳುತ್ತದೆ. ಗಾಜಿನ ಪೆಟ್ಟಿಗೆ ಮಾಡಿಸಿದರೆ ಗಾಳಿಯಾಡಲು ಕೆಳಗೆ ಒಂದೆರಡು ತೂತು ಇರಲಿ.

ಕೊಳ್ಳುವಾಗ ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಗುವ ನಕಲಿ ಕಿಟ್‌ಗಳಿವೆ. ಬೇರೆಯವರು ವರ್ಷಗಟ್ಟಲೆ ಕೂತು ಬಿಡಿಸಿದ ನಕ್ಷೆಯನ್ನು ಕದ್ದು ಮಾಡಿದವು ಅವು. ನಕ್ಷೆ ಮಸುಕು, ಪಟ್ಟಿ ಬಾಗಿಸಿದರೆ ಸೀಳು. ಅದಕ್ಕಿಂತ ಸಣ್ಣದಾದರೂ ಅಸಲಿ ಕಿಟ್ ಕೊಳ್ಳಿ. ಈ ಹವ್ಯಾಸ ಬದುಕಿರುವುದೇ ಆ ನಕ್ಷೆ ಬಿಡಿಸುವ ಕೆಲವೇ ಜನರಿಂದ.

ಮೂರು ಕಿಟ್ ಆದ ಮೇಲೂ ವಿಕ್ಟರಿಯ ಆಸೆ ಉಳಿದಿದ್ದರೆ ಧೈರ್ಯವಾಗಿ ತರಿಸಿ. ಅಷ್ಟು ಹೊತ್ತಿಗೆ ಆಸೆ ಬೇರೆ ಕಡೆ ತಿರುಗಿದ್ದರೆ ಟ್ರಿಂಕೋಮಲಿಯ ಬಗ್ಗೆಯೂ ಯೋಚಿಸಿ. ಅದು ಬ್ರಿಟಿಷ್ ನೌಕಾಪಡೆಗೆಂದು ಬಾಂಬೆಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ ಹಡಗು. ಇಂಗ್ಲೆಂಡಿನಿಂದ ಹೊರಟ ಮೊದಲ ನಕ್ಷೆ 1812ರಲ್ಲಿ ಜಾವಾ ಅನ್ನುವ ಹಡಗಿನ ಜೊತೆ ನಾಶವಾಗಿ, ಮತ್ತೆ ಕಳಿಸಬೇಕಾಯಿತು. 1817ರಲ್ಲಿ ನೀರಿಗಿಳಿಯಿತು. ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ನಮ್ಮ ಕರಾವಳಿಯ ಕಡೆಯ ಮರ, ನಮ್ಮ ದೇಶದ ಕೈಗಳ ಕೆಲಸ. ಕೈ ಪಳಗಿದ ಮೇಲೆ ನಕ್ಷೆ ಇಟ್ಟುಕೊಂಡು ಕಿಟ್ ಇಲ್ಲದೆಯೇ ಕಟ್ಟಬಹುದಾದ ಹಡಗು ಅಂತ ನನಗೆ ಮೊದಲು ನೆನಪಾಗುವುದು ಇದೇ.

ಸದ್ಯಕ್ಕೆ ಡೋರಿ ತರಿಸಿ. ಪೆಟ್ಟಿಗೆ ಬಂದ ದಿನವೇ ಭಾಗಗಳ ಪಟ್ಟಿ ಹಿಡಿದು ಎಲ್ಲ ತುಂಡುಗಳನ್ನೂ ಸರಿನೋಡಿ. ಲೇಸರ್‌ನಿಂದ ಕತ್ತರಿಸಿದ ಹಾಳೆಯಿಂದ ತುಂಡು ಬಿಡಿಸುವ ಮೊದಲು ಪ್ರತಿಯೊಂದರ ಮೇಲೂ ಪೆನ್ಸಿಲ್‌ನಲ್ಲಿ ನಂಬರ್ ಬರೆಯಿರಿ. ಏನಾದರೂ ಕಮ್ಮಿ ಇದ್ದರೆ ಕಂಪನಿಗೆ ಬರೆದು ಕೇಳಿ. ಮೊದಲ ಹಲಗೆ ಅಂಟಿಸುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಫೋಟೋ ಹಾಕಿ ಇಲ್ಲೇ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.