ನಂಬಿಕೆ ಅಲುಗಾಡುವಾಗಲೂ ಚರ್ಚಿಗೆ ಹೋಗುವುದು ನಾಟಕವಾ?

"ಪ್ರಾರ್ಥನೆ ಮಾಡುವಾಗ ಆ ಕಡೆ ಯಾರೂ ಇಲ್ಲ ಅನ್ನಿಸುತ್ತೆ. ಹಾಗಿದ್ದೂ ಭಾನುವಾರ ಪೂಜೆಗೆ ಹೋಗುವುದು ನಾಟಕ ಅಲ್ವಾ?" ಅಂತ ಕೇಳಿದ್ದೀರಿ. ನನ್ನ ಪ್ರಕಾರ ಅಲ್ಲ. ಮೂರು ವರ್ಷ ನಾನೂ ಹಾಗೇ ಹೋಗಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ಮನೆ. ಅಪ್ಪನಿಗೆ ಕಾಯಿಲೆಯಾದಾಗ ನೊವೆನಾ ಅಂತ ಒಂಬತ್ತು ದಿನದ ಪ್ರಾರ್ಥನೆ ಮುಗಿಸಿ, ಮತ್ತೆ ಮೊದಲಿಂದ ಶುರು ಮಾಡಿದೆವು. ಅಪ್ಪ ಉಳಿಯಲಿಲ್ಲ. ಬಂದವರೆಲ್ಲ "ದೇವರ ಚಿತ್ತ" ಅಂದು ಕಾಫಿ ಕುಡಿದು ಹೋದರು. ನನಗೆ ಸಿಟ್ಟೂ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಬೈಯೋಕಾದರೂ ಆ ಕಡೆ ಒಬ್ಬ ಇದ್ದಾನೆ ಅಂತಾಗುತ್ತಿತ್ತು. ಪೂಜೆಯಲ್ಲಿ ಎಲ್ಲರೂ ಎದ್ದು "ವಿಶ್ವಾಸಿಸುತ್ತೇನೆ" ಅನ್ನುವಾಗ ನಾನು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ.

ಜುಲೈ 3 ಸಂತ ತೋಮಾರ ಹಬ್ಬ. ನಮ್ಮಲ್ಲಿ ಆಗ ಆರಿದ್ರಾ ಮಳೆ. ಒಂದು ವರ್ಷ ಹೆಂಚಿನ ಮೇಲಿನ ಸದ್ದಿಗೆ ಫಾದರ್ ಪ್ರಸಂಗ ಅರ್ಧ ಕೇಳಲೇ ಇಲ್ಲ. ಸುಮ್ನೆ ಬೈಬಲ್ ತೆರೆದು ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯ ಓದುತ್ತಾ ಕೂತೆ. ಶಿಲುಬೆಯಲ್ಲಿ ಸತ್ತ ಯೇಸು ಮತ್ತೆ ಎದ್ದು ಬಂದರು ಅಂತ ಉಳಿದ ಶಿಷ್ಯರು ಹೇಳಿದಾಗ, ಮೊಳೆ ಹೊಡೆದ ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬಲ್ಲ ಅಂದವನು ತೋಮಾ, ಅದು ಎಲ್ಲರಿಗೂ ಗೊತ್ತು. ನನ್ನ ಕಣ್ಣಿಗೆ ಬಿದ್ದದ್ದು ಅದರ ಮುಂದಿನ ಸಾಲು. ಎಂಟು ದಿನ ಕಳೆದ ಮೇಲೆ ಶಿಷ್ಯರು ಮತ್ತೆ ಮನೆಯೊಳಗೆ ಸೇರಿದ್ದಾರೆ, ತೋಮಾನೂ ಜೊತೆಗಿದ್ದಾನೆ. ಆ ಎಂಟು ದಿನ ಅವನು ಏನು ಮಾಡಿದ? ಬರೆದಿಲ್ಲ. ಉಳಿದವರೆಲ್ಲ ಖುಷಿಯಲ್ಲಿದ್ದಾಗ ಇವನೊಬ್ಬ ಒಪ್ಪದೆ ಅವರ ಜೊತೆಯಲ್ಲೇ ಉಂಡು ಮಲಗಿದ್ದಿರಬೇಕು. ಅವರು ಅವನನ್ನು ಹೊರಗೆ ಹಾಕಲಿಲ್ಲ. ಅವನೂ ಎದ್ದು ಹೋಗಲಿಲ್ಲ. ನನ್ನ ಎಂಟು ದಿನ ಮೂರು ವರ್ಷ ಎಳೆಯಿತು, ಅಷ್ಟೇ.

ನಮ್ಮ ಕಡೆ ಮಳೆಗಾಲದಲ್ಲಿ ಪುಸ್ತಕಕ್ಕೆಲ್ಲ ಬೂಷ್ಟು ಹಿಡಿಯುತ್ತೆ. ಅಮ್ಮ ತನ್ನ ಪ್ರಾರ್ಥನೆ ಪುಸ್ತಕವನ್ನು ಒಣಬಟ್ಟೆಯಲ್ಲಿ ಒರೆಸಿ, ಬಚ್ಚಲೊಲೆಯ ಕಟ್ಟೆ ಮೇಲೆ ಇಡುತ್ತಿದ್ದಳು. ನಾನು ಮುಟ್ಟದ ನನ್ನ ಪುಸ್ತಕವನ್ನೂ ಒರೆಸಿ ಪಕ್ಕದಲ್ಲೇ ಇಡುತ್ತಿದ್ದಳು. ಒಂದು ಮಾತೂ ಕೇಳಲಿಲ್ಲ.

ಮದರ್ ತೆರೇಸಾ ಕೂಡ ಹತ್ತಿರ ಹತ್ತಿರ 50 ವರ್ಷ, ಆ ಕಡೆ ಯಾರೂ ಇಲ್ಲ ಅನ್ನಿಸುವ ಇದೇ ಕತ್ತಲೆಯಲ್ಲಿದ್ದರು ಅಂತ 2007ರಲ್ಲಿ ಹೊರಬಂದ ಅವರ ಪತ್ರಗಳಿಂದ ಗೊತ್ತಾಯಿತು. 2016ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಇದನ್ನು ಯಾರಾದರೂ ಹೇಳಿದರೆ ಮೊದಲು ನನಗೆ ಕಿರಿಕಿರಿ ಆಗುತ್ತಿತ್ತು. ಅವರು ಸಂತರು ಮಾರಾಯ್ರೇ, ನಾನು ಸೊಸೈಟಿಗೆ ಅಡಿಕೆ ಹಾಕುವವನು! ಆದರೂ ಆ ಸ್ಥಿತಿಯಲ್ಲೇ ಅವರು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು ಅನ್ನುವುದು ಆಮೇಲೆ ಮನಸ್ಸಲ್ಲಿ ನಿಂತಿತು.

ಸುಳ್ಳು ಪ್ರಾರ್ಥನೆ ಮಾತ್ರ ಮಾಡಬೇಡಿ. ಮಾರ್ಕನ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಯೇಸುವಿನ ಹತ್ತಿರ ಬಂದ ಕಾಯಿಲೆ ಹುಡುಗನ ಅಪ್ಪ ಇದ್ದಾನಲ್ಲ, ನಂಬುತ್ತೇನೆ ಅಂದವನೇ ಅದೇ ಉಸಿರಲ್ಲಿ ನನ್ನ ಅಪನಂಬಿಕೆಗೂ ಸಹಾಯ ಮಾಡು ಅನ್ನುತ್ತಾನೆ. ಬೈಕ್ ಓಡಿಸುವಾಗ ಅದೊಂದನ್ನೇ ಹೇಳಿಕೊಳ್ಳುತ್ತಿದ್ದೆ. ಅದೂ ಆಗದ ದಿನ 88ನೇ ಕೀರ್ತನೆ ಓದಿ. ಬೇರೆ ಕೀರ್ತನೆಗಳು ಅಳುತ್ತಾ ಶುರುವಾದರೂ ಹೆಚ್ಚಾಗಿ ಸ್ತುತಿಯಲ್ಲಿ ಮುಗಿಯುತ್ತವೆ. ಇದು ಕತ್ತಲೆಯಲ್ಲೇ ಮುಗಿಯುತ್ತೆ. ಅದನ್ನೂ ಬೈಬಲಿನಲ್ಲಿ ಉಳಿಸಿಕೊಂಡಿದ್ದಾರೆ ನೋಡಿ.

ಉಪದೇಶ ಮಾಡದೆ ಕೇಳಿಸಿಕೊಳ್ಳುವ ಒಬ್ಬರ ಹತ್ತಿರ ಮಾತಾಡಿ. ಫಾದರ್ರೇ ಆಗಬೇಕಂತಿಲ್ಲ. ಊಟ ನಿದ್ದೆ ಕೆಟ್ಟು ವಾರಗಟ್ಟಲೆ ಆಗಿದ್ದರೆ ಡಾಕ್ಟರಿಗೂ ತೋರಿಸಿ.

ನನ್ನ ಸಂಶಯ ಪೂರ್ತಿ ಹೋಯಿತಾ ಅಂದರೆ, ಇಲ್ಲ. ಈಗ "ವಿಶ್ವಾಸಿಸುತ್ತೇನೆ" ಅಂತ ಎಲ್ಲರ ಜೊತೆ ಹೇಳುತ್ತೇನೆ. ಕೆಲವು ಭಾನುವಾರ ಸ್ವಲ್ಪ ಮೆಲ್ಲಗೆ.